ರೋಮ್‌ನ ಸಿಪಾಯಿ, ಚೀನಾದ ಉಗ್ರಾಣ

ಚಿತ್ರದುರ್ಗದ ಕೋಟೆ ನೋಡಲು ಹೋದವರು ಹತ್ತಿರದ ಚಂದ್ರವಳ್ಳಿಗೂ ಹೋಗಿ ಬರುತ್ತಾರೆ. ಕೆರೆ, ಬಂಡೆ, ಗುಹೆ, ಒಂದಷ್ಟು ಫೋಟೋ. ಅಲ್ಲಿನ ನೆಲದಲ್ಲಿ ಸಿಕ್ಕ ನಾಣ್ಯಗಳ ಸಂಗತಿ ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ಶಾತವಾಹನರ ಕಾಸುಗಳ ಜೊತೆಗೆ ರೋಮ್‌ನ ಚಕ್ರವರ್ತಿ ಅಗಸ್ಟಸ್‌ನ ಬೆಳ್ಳಿ ದಿನಾರಿಯಸ್ ಅಲ್ಲಿ ಸಿಕ್ಕಿದೆ. ಚೀನಾದ ಹಾನ್ ವಂಶದ ವೂ ದೊರೆಯ ಕಾಲದ್ದೆಂದು ಗುರುತಿಸಿದ ಒಂದು ನಾಣ್ಯವೂ ಸಿಕ್ಕಿದೆ. ಎಲ್ಲಿಯ ರೋಮ್, ಎಲ್ಲಿಯ ಚೀನಾ, ಎಲ್ಲಿಯ ದುರ್ಗ!

ಇಬ್ಬರ ಕಾಸು ಒಂದೇ ಊರಿಗೆ ಬಂತು. ಇಬ್ಬರ ಸೈನ್ಯ ಮಾತ್ರ ಎಂದೂ ಎದುರುಬದುರಾಗಲಿಲ್ಲ. ಅದಕ್ಕೇ ಇರಬೇಕು, "ಆಗಿದ್ದರೆ ಯಾರು ಗೆಲ್ಲುತ್ತಿದ್ದರು?" ಎಂಬ ಚರ್ಚೆಗೆ ಇವತ್ತಿಗೂ ಕೊನೆಯಿಲ್ಲ. ಹುಲಿ ದೊಡ್ಡದೋ ಸಿಂಹ ದೊಡ್ಡದೋ ಎಂದು ಮಕ್ಕಳು ಜಗಳ ಆಡುವ ಹಾಗೆ. ನನಗೂ ಈ ಜಗಳ ಇಷ್ಟವೇ. ಆದರೆ ಕತ್ತಿ, ಕುದುರೆ, ತಲೆ ಲೆಕ್ಕ ಮಾತ್ರ ಹಿಡಿದು ಕೂತರೆ ತಲೆಬುಡ ಸಿಗುವುದಿಲ್ಲ. ಸಂಬಳ ಯಾರು ಕೊಡುತ್ತಿದ್ದರು, ಬಾಣ ಎಲ್ಲಿಂದ ಬರುತ್ತಿತ್ತು, "ಹೊರಡಿ" ಎಂದು ಹೇಳುವ ಹಕ್ಕು ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಎರಡೂ ಸೈನ್ಯಗಳ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ನನಗೆ ಕಾಣುವ ಮಟ್ಟಿಗೆ ರೋಮ್‌ನ ಬಲ ಇದ್ದದ್ದು ಒಬ್ಬೊಬ್ಬ ಸಿಪಾಯಿಯಲ್ಲಿ. ಚೀನಾದ ಬಲ ಇದ್ದದ್ದು ಉಗ್ರಾಣದಲ್ಲಿ, ಅದರ ಲೆಕ್ಕ ಬರೆಯುವ ಗುಮಾಸ್ತನಲ್ಲಿ.

ಮೊದಲು ಕಾಲ ಗೊತ್ತು ಮಾಡಿಕೊಳ್ಳೋಣ. ಚೀನಾದ ಕಡೆಯಿಂದ ಕ್ರಿ.ಪೂ. 221ರಲ್ಲಿ ದೇಶವನ್ನು ಒಂದು ಮಾಡಿದ ಛಿನ್ ವಂಶ, ಅದರ ಬೆನ್ನಿಗೇ ಬಂದು ಕ್ರಿ.ಶ. 220ರವರೆಗೆ ಬಾಳಿದ ಹಾನ್ ವಂಶ. ರೋಮ್ ಕಡೆಯಿಂದ ಅಗಸ್ಟಸ್ ಮತ್ತು ಅವನ ನಂತರದವರು. ಇವರನ್ನೇ ಆರಿಸಲು ಕಾರಣವಿದೆ. ಕ್ರಿ.ಶ. 2ರಲ್ಲಿ ಹಾನ್ ಸರ್ಕಾರ ಜನಗಣತಿ ಮಾಡಿಸಿತು. ಮನೆಗಳು 1,22,33,062. ಜನ 5,95,94,978. ಕೊನೆಯ ಎಂಟರವರೆಗೂ ಬರೆದಿಟ್ಟಿದ್ದಾರೆ ನೋಡಿ! ರೋಮ್ ಸಾಮ್ರಾಜ್ಯದಲ್ಲೂ ಸುಮಾರು ಐದಾರು ಕೋಟಿ ಜನ ಇದ್ದಿರಬೇಕೆಂದು ಇತಿಹಾಸಕಾರರ ಅಂದಾಜು. ಅಂದರೆ ತಕ್ಕಡಿಯ ಎರಡು ತಟ್ಟೆಗಳೂ ಹೆಚ್ಚುಕಡಿಮೆ ಸಮ.

ಈಗ ರೋಮ್. ಅಗಸ್ಟಸ್ ತನ್ನ ಎದುರಾಳಿಗಳನ್ನೆಲ್ಲ ಮುಗಿಸಿ ಗದ್ದುಗೆ ಗಟ್ಟಿ ಮಾಡಿಕೊಂಡಾಗ ಅವನು ಉಳಿಸಿಕೊಂಡದ್ದು 28 ಲೀಜನ್. ಒಂದು ಲೀಜನ್ ಎಂದರೆ ಸುಮಾರು 5,000 ಕಾಲಾಳು. ಅದರ ಬುಡದಲ್ಲಿ ಇದ್ದದ್ದು ಎಂಟು ಜನರ ಗುಂಪು. ಒಂದೇ ಗುಡಾರದಲ್ಲಿ ಮಲಗುವವರು, ಒಂದೇ ಬೀಸುಕಲ್ಲಿನಲ್ಲಿ ಹಿಟ್ಟು ಬೀಸಿಕೊಳ್ಳುವವರು. ಇಂಥ ಹತ್ತು ಗುಂಪು ಸೇರಿ 80 ಜನರ ಸೆಂಚುರಿ. ಹೆಸರು ನೂರರದ್ದು, ತಲೆ ಎಣಿಸಿದರೆ ಎಂಬತ್ತು! ಆರು ಸೆಂಚುರಿ ಸೇರಿ ಒಂದು ಕೊಹಾರ್ಟ್, ಹತ್ತು ಕೊಹಾರ್ಟ್ ಸೇರಿ ಒಂದು ಲೀಜನ್. ಲೀಜನ್‌ಗೆ ಸೇರಬೇಕಾದರೆ ರೋಮ್‌ನ ಪೌರತ್ವ ಬೇಕು. ಪೌರತ್ವ ಇಲ್ಲದವರಿಗೆ ಬೇರೆ ಪಡೆಗಳಿದ್ದವು. ಕುದುರೆ ಸವಾರರು, ಬಿಲ್ಲುಗಾರರು ಜಾಸ್ತಿ ಅಲ್ಲಿಯೇ. 25 ವರ್ಷ ದುಡಿದರೆ ಅವರಿಗೂ ಪೌರತ್ವ ಸಿಗುತ್ತಿತ್ತು. ಅವರ ಸಂಖ್ಯೆಯೂ ಲೀಜನ್‌ಗಳಷ್ಟೇ ಇತ್ತು. ಎಲ್ಲ ಕೂಡಿದರೆ ಎರಡೂವರೆಯಿಂದ ಮೂರು ಲಕ್ಷ. ರೈನ್ ನದಿಯಿಂದ ಈಜಿಪ್ಟ್‌ವರೆಗಿನ ಸಾಮ್ರಾಜ್ಯವನ್ನು ಇಷ್ಟೇ ಜನ ಕಾಯಬೇಕಿತ್ತು.

ಇವರು ಹೊಲ ಬಿಟ್ಟು ನಾಲ್ಕು ತಿಂಗಳ ಮಟ್ಟಿಗೆ ಬಂದವರಲ್ಲ. ಸೈನ್ಯವೇ ಅವರ ಕಸುಬು. ಇಪ್ಪತ್ತು ವರ್ಷ, ಇಪ್ಪತ್ತೈದು ವರ್ಷದ ನೌಕರಿ. ಅಗಸ್ಟಸ್ ಕಾಲದಲ್ಲಿ ವರ್ಷಕ್ಕೆ 225 ದಿನಾರಿಯಸ್ ಸಂಬಳ. ಊಟ, ಬಟ್ಟೆಯ ಖರ್ಚನ್ನು ಅದರಲ್ಲೇ ಹಿಡಿದುಕೊಳ್ಳುತ್ತಿದ್ದರು. ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತ ಸುದ್ದಿ ಬಂದ ಕೂಡಲೇ ಡ್ಯಾನ್ಯೂಬ್ ಕಡೆಯ ಲೀಜನ್‌ಗಳು ದಂಗೆ ಎದ್ದವು. ನಮ್ಮ ಜೀವಕ್ಕೆ ದಿನಕ್ಕೆ ಹತ್ತು ತಾಮ್ರದ ಕಾಸಿನ ಬೆಲೆಯೇ ಎಂಬುದು ಅವರ ಕೂಗು. ಅಲ್ಲೊಬ್ಬ ಸೆಂಚುರಿಯನ್, ಅಂದರೆ ಸೆಂಚುರಿಯ ನಾಯಕ, ಇದ್ದ. ಸಿಪಾಯಿಗಳ ಬೆನ್ನ ಮೇಲೆ ದ್ರಾಕ್ಷಿ ಬಳ್ಳಿಯ ಕೋಲು ಮುರಿಯುವವರೆಗೆ ಹೊಡೆದು, "ಇನ್ನೊಂದು ಕೊಡು" ಎಂದು ಕೂಗುತ್ತಿದ್ದ. ಸಿಪಾಯಿಗಳು ಅವನಿಗೆ ಇಟ್ಟ ಅಡ್ಡಹೆಸರೂ 'ಇನ್ನೊಂದು ಕೊಡು' ಎಂದೇ. ದಂಗೆಯಲ್ಲಿ ಮೊದಲು ಸತ್ತವರಲ್ಲಿ ಅವನೂ ಒಬ್ಬ.

ಸಂಬಳಕ್ಕಿಂತ ದೊಡ್ಡ ತಲೆನೋವು ನಿವೃತ್ತಿಯದ್ದು. ಇಪ್ಪತ್ತು ವರ್ಷ ಕತ್ತಿ ಹಿಡಿದವನನ್ನು ಬರಿಗೈಯಲ್ಲಿ ಕಳಿಸಿದರೆ ಅವನು ಯಾವ ಸೇನಾಪತಿ ದುಡ್ಡು ತೋರಿಸುತ್ತಾನೋ ಅವನ ಹಿಂದೆ ಹೋಗುತ್ತಾನೆ. ರೋಮ್‌ನ ಅಂತರ್ಯುದ್ಧಗಳಲ್ಲಿ ಆದದ್ದೇ ಇದು. ಹಾಗಾಗಿ ಕ್ರಿ.ಶ. 6ರಲ್ಲಿ ಅಗಸ್ಟಸ್ ಸೈನಿಕರಿಗಾಗಿಯೇ ಒಂದು ಖಜಾನೆ ತೆರೆದ. ತನ್ನ ಕೈಯಿಂದ 17 ಕೋಟಿ ಸೆಸ್ಟರ್ಸ್ (ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ದಿನಾರಿಯಸ್) ಹಾಕಿದ. ಮುಂದಿನ ಆದಾಯಕ್ಕೆ ಸತ್ತವರ ಆಸ್ತಿ ವಾರಸುದಾರರಿಗೆ ಹೋಗುವಾಗ ನೂರಕ್ಕೆ ಐದು, ಹರಾಜಿನಲ್ಲಿ ನೂರಕ್ಕೆ ಒಂದು ತೆರಿಗೆ ಹಾಕಿದ. ರೋಮ್‌ನ ಶ್ರೀಮಂತರು ಮುಖ ಸಿಂಡರಿಸಿದರು. ತೆರಿಗೆ ಎಂದರೆ ಆಗಲೂ ಅಷ್ಟೇ, ಅಲ್ವಾ? ಈ ಖಜಾನೆಯಿಂದ ನಿವೃತ್ತ ಸಿಪಾಯಿಗೆ 3,000 ದಿನಾರಿಯಸ್ ಸಿಗುತ್ತಿತ್ತು. ಹದಿಮೂರು ವರ್ಷದ ಸಂಬಳ ಒಟ್ಟಿಗೆ.

ಇಷ್ಟು ದುಡ್ಡು, ಇಷ್ಟು ವರ್ಷದ ತರಬೇತಿ ಸುರಿದ ಸಿಪಾಯಿಯನ್ನು ಕಳೆದುಕೊಂಡರೆ ಗಾಯ ಬೇಗ ಮಾಯುವುದಿಲ್ಲ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ವಾರಸ್ ಎಂಬ ಸೇನಾಪತಿ ಮೂರು ಲೀಜನ್‌ಗಳನ್ನು ಕಳೆದುಕೊಂಡ. ಮುದುಕ ಅಗಸ್ಟಸ್ ಬಾಗಿಲಿಗೆ ತಲೆ ಬಡಿದುಕೊಂಡು "ವಾರಸ್, ನನ್ನ ಲೀಜನ್‌ಗಳನ್ನು ವಾಪಸ್ ಕೊಡು" ಎಂದು ಅರಚಿದನಂತೆ. 17, 18, 19ನೇ ಸಂಖ್ಯೆಯ ಆ ಲೀಜನ್‌ಗಳನ್ನು ರೋಮ್ ಮತ್ತೆ ಕಟ್ಟಲಿಲ್ಲ. ಆ ಸಂಖ್ಯೆಗಳನ್ನೂ ಮತ್ತೆ ಬಳಸಲಿಲ್ಲ. ಉಳಿದದ್ದು 25.

ಈ ಸಿಪಾಯಿಯ ವಿಶೇಷ ಏನು? ದೊಡ್ಡ ಗುರಾಣಿ, ಎಸೆಯುವ ಭಾರದ ಈಟಿ, ತಿವಿಯಲು ಗಿಡ್ಡ ಕತ್ತಿ. ಈಟಿ ಎಸೆದರೆ ಶತ್ರುವಿನ ಗುರಾಣಿಗೆ ಚುಚ್ಚಿಕೊಂಡು ಅದು ಎತ್ತಲಾರದಷ್ಟು ಭಾರವಾಗುತ್ತದೆ. ಆಮೇಲೆ ಹತ್ತಿರ ಹೋಗಿ ಗುರಾಣಿಯಿಂದ ತಳ್ಳಿ, ಕತ್ತಿಯಿಂದ ತಿವಿಯುವುದು. ಸಿನಿಮಾದಲ್ಲಿ ಚಂದ ಕಾಣುವುದು ಇದೇ. ಆದರೆ ರೋಮ್‌ನ ಸಿಪಾಯಿಯ ನಿಜವಾದ ಆಯುಧ ಗುದ್ದಲಿ ಎಂದರೆ ತಪ್ಪಾಗಲಾರದು. ಶತ್ರುವಿನ ನೆಲದಲ್ಲಿ ದಿನವಿಡೀ ನಡೆದು ದಣಿದ ಮೇಲೂ ಸಂಜೆ ಬಿಡಾರದ ಸುತ್ತ ಕಂದಕ ತೋಡಬೇಕು, ಮಣ್ಣಿನ ಒಡ್ಡು ಏರಿಸಬೇಕು, ಅದರ ಮೇಲೆ ಗೂಟ ನೆಡಬೇಕು. ಎಲ್ಲಿ ಬಿಡಾರ ಹೂಡಿದರೂ ನಕ್ಷೆ ಒಂದೇ. ಕತ್ತಲಲ್ಲೂ ತನ್ನ ಗುಡಾರ ಎಲ್ಲಿದೆ ಎಂದು ಪ್ರತಿಯೊಬ್ಬನಿಗೂ ಗೊತ್ತು.

ಇದರ ತುತ್ತತುದಿ ನೋಡಬೇಕೆಂದರೆ ಅಗಸ್ಟಸ್‌ಗಿಂತ ಸ್ವಲ್ಪ ಹಿಂದೆ, ಜೂಲಿಯಸ್ ಸೀಸರ್ ಕಾಲಕ್ಕೆ ಹೋಗಬೇಕು. ಕ್ರಿ.ಪೂ. 52ರಲ್ಲಿ ಅವನು ಈಗಿನ ಫ್ರಾನ್ಸಿನ ಅಲೇಸಿಯಾ ಎಂಬ ಗುಡ್ಡದ ಊರಿಗೆ ಮುತ್ತಿಗೆ ಹಾಕಿದ. ಊರಿನ ಸುತ್ತ ಸುಮಾರು 16 ಕಿ.ಮೀ. ಉದ್ದದ ಒಡ್ಡು ಕಟ್ಟಿಸಿದ. ಅಷ್ಟರಲ್ಲಿ ಒಳಗಿನವರನ್ನು ಬಿಡಿಸಲು ಹೊರಗಿಂದ ದೊಡ್ಡ ದಂಡು ಬರುತ್ತಿದೆ ಎಂದು ತಿಳಿಯಿತು. ಆಗ ತನ್ನ ಬೆನ್ನ ಹಿಂದೆಯೂ ಸುಮಾರು 21 ಕಿ.ಮೀ. ಉದ್ದದ ಇನ್ನೊಂದು ಒಡ್ಡು ಕಟ್ಟಿಸಿದ. ಒಳಗಿನವರನ್ನು ಮುತ್ತಿದ್ದವರೇ ಹೊರಗಿನವರ ಮುತ್ತಿಗೆಗೆ ಸಿಕ್ಕಿದರು, ಎರಡೂ ಕಡೆ ಹೊಡೆದಾಡಿ ಗೆದ್ದರು. ಇಂಥ ಕೆಲಸ ಶೌರ್ಯ ಒಂದರಿಂದಲೇ ಆಗುವುದಿಲ್ಲ. ಹೇಳಿದ ಕಡೆ, ಹೇಳಿದ ಅಳತೆಗೆ, ಗೊಣಗುತ್ತಲಾದರೂ ಅಗೆಯುವ ಜನ ಬೇಕು.

ಚೀನಾಕ್ಕೆ ಬಂದರೆ ಮೊದಲು ಗಾಬರಿ ಹುಟ್ಟಿಸುವುದು ಅಲ್ಲಿನ ಸಂಖ್ಯೆಗಳು. ಕ್ರಿ.ಪೂ. 260ರಲ್ಲಿ ಛಾಂಗ್‌ಪಿಂಗ್ ಎಂಬಲ್ಲಿ ಛಿನ್ ರಾಜ್ಯದ ಸೇನಾಪತಿ ಬಾಯ್ ಛಿ ಶತ್ರು ರಾಜ್ಯದ ನಾಲ್ಕು ಲಕ್ಷ ಸೈನಿಕರನ್ನು ಕೊಲ್ಲಿಸಿದ ಎಂದು ಹಳೆಯ ಚರಿತ್ರೆ ಹೇಳುತ್ತದೆ. ಅಲ್ಲಿ ಅಗೆದಾಗ ಮೂಳೆ ತುಂಬಿದ ಗುಂಡಿಗಳು ಸಿಕ್ಕಿವೆ ನಿಜ. ಆದರೆ ನಾಲ್ಕು ಲಕ್ಷ ಎಂಬ ಲೆಕ್ಕವನ್ನು ಹೆಚ್ಚಿನ ಇತಿಹಾಸಕಾರರು ಹಾಗೇ ಒಪ್ಪುವುದಿಲ್ಲ. ಗೆದ್ದವನು ಹೇಳುವ ಸಂಖ್ಯೆಗೆ ಯಾವಾಗಲೂ ಸ್ವಲ್ಪ ಕತ್ತರಿ ಹಾಕಬೇಕು. ರೋಮ್‌ನವರು ಬರೆದ ಶತ್ರುಗಳ ಸಂಖ್ಯೆಗೂ ಇದೇ ಮಾತು.

ಕತ್ತರಿ ಹಾಕಿದರೂ ಚೀನಾದ ದಂಡು ದೊಡ್ಡದೇ. ಕಾರಣ ಸರಳ. ಅಲ್ಲಿ ಸೈನಿಕ ಎಂದರೆ ರೈತ. ಹಾನ್ ಕಾಲದಲ್ಲಿ 23 ವರ್ಷ ದಾಟಿದ ಗಂಡಸು ಎರಡು ವರ್ಷ ಸೈನ್ಯದಲ್ಲಿ ಇರಲೇಬೇಕಿತ್ತು. ಒಂದು ವರ್ಷ ತನ್ನ ಸೀಮೆಯಲ್ಲಿ ತರಬೇತಿ, ಇನ್ನೊಂದು ವರ್ಷ ರಾಜಧಾನಿಯಲ್ಲೋ ಗಡಿಯಲ್ಲೋ ಕಾವಲು. ಆಮೇಲೆ ಊರಿಗೆ ವಾಪಸ್. 56 ವರ್ಷ ಆಗುವವರೆಗೆ ಅಗತ್ಯ ಬಿದ್ದರೆ ಕರೆ ಬರಬಹುದು. ಅಂದರೆ ಸರ್ಕಾರಕ್ಕೆ ದಿನವೂ ಸಂಬಳ ಕೊಟ್ಟು ಸಾಕಬೇಕಾದ ಸೈನ್ಯ ಚಿಕ್ಕದು, ಬೇಕೆಂದಾಗ ಎಬ್ಬಿಸಬಹುದಾದ ಸೈನ್ಯ ಬಹಳ ದೊಡ್ಡದು.

ಆದರೆ ಒಂದೇ ವರ್ಷ ತರಬೇತಿ ಪಡೆದ ರೈತ ಏನು ತಾನೇ ಮಾಡಿಯಾನು? ಈ ಪ್ರಶ್ನೆಗೆ ಚೀನಾ ಕಂಡುಕೊಂಡ ಉತ್ತರ ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ. ಮಾಮೂಲಿ ಬಿಲ್ಲು ಹೊಡೆಯಲು ವರ್ಷಗಟ್ಟಲೆ ಅಭ್ಯಾಸ ಬೇಕು. ಹೆದೆ ಎಳೆದು ಹಿಡಿದುಕೊಂಡೇ ಗುರಿ ನೋಡಬೇಕು, ತೋಳು ನಡುಗಬಾರದು. ಅಡ್ಡಬಿಲ್ಲಿನಲ್ಲಿ ಈ ಕಷ್ಟವಿಲ್ಲ. ಬಿಲ್ಲನ್ನು ಒಂದು ಮರದ ದಿಂಡಿಗೆ ಅಡ್ಡಲಾಗಿ ಕೂರಿಸಿರುತ್ತಾರೆ. ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ಹೆದೆ ಎಳೆದು ಕಂಚಿನ ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಆಮೇಲೆ ನಿಧಾನಕ್ಕೆ ಗುರಿ ನೋಡಿ ಕೆಳಗಿನ ಕೀಲು ಒತ್ತಬಹುದು. ಹಾನ್ ಕಾಲದಲ್ಲಿ ಅಡ್ಡಬಿಲ್ಲಿನ ಬಲವನ್ನು ತೂಕದಲ್ಲಿ ಹೇಳುತ್ತಿದ್ದರು. ಆರು 'ಶಿ' ಬಲದ ಅಡ್ಡಬಿಲ್ಲು ಎಂದರೆ ಅದರ ಹೆದೆ ಎಳೆಯಲು ಸುಮಾರು 180 ಕಿಲೋ ತೂಕದಷ್ಟು ಬಲ ಬೇಕು. ಆಯುಧದೊಳಗೇ ಜಾಣ್ಮೆ ತುಂಬಿಟ್ಟಿದ್ದರಿಂದ ಸಿಪಾಯಿಗೆ ಅಷ್ಟು ಜಾಣ್ಮೆ ಬೇಕಿರಲಿಲ್ಲ.

ಕಷ್ಟ ಇರುವುದು ಆ ಕಂಚಿನ ಕೊಕ್ಕೆ ಮಾಡುವುದರಲ್ಲಿ. ಒಂದಕ್ಕೊಂದು ಕಚ್ಚಿಕೊಳ್ಳುವ ಭಾಗಗಳನ್ನು ಅಚ್ಚಿನಲ್ಲಿ ಹೊಯ್ದು, ಉಜ್ಜಿ, ಸಾವಿರಗಟ್ಟಲೆ ಮಾಡಬೇಕು. 1974ರಲ್ಲಿ ಶಿಆನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲ ಚಕ್ರವರ್ತಿಯ ಮಣ್ಣಿನ ಸೈನ್ಯ ಸಿಕ್ಕಿತಲ್ಲ, ಅಲ್ಲಿ ಬೊಂಬೆಗಳ ಜೊತೆ ನಿಜವಾದ ಕಂಚಿನ ಆಯುಧಗಳೂ ಹತ್ತಾರು ಸಾವಿರ ಸಿಕ್ಕವು. ಹೆಚ್ಚಿನವು ಬಾಣದ ಮೊನೆಗಳು. ಕಬ್ಬಿಣದಲ್ಲೂ ಹೀಗೇ. ರೋಮ್‌ನ ಕಮ್ಮಾರ ಕಬ್ಬಿಣವನ್ನು ಕಾಯಿಸಿ ಬಡಿದು ರೂಪ ಕೊಡುತ್ತಿದ್ದ. ಚೀನಾದಲ್ಲಿ ದೊಡ್ಡ ಕುಲುಮೆಗಳಲ್ಲಿ ಕಬ್ಬಿಣವನ್ನು ನೀರಿನಂತೆ ಕರಗಿಸಿ ಅಚ್ಚಿಗೆ ಹೊಯ್ಯುವುದು ಆಗಲೇ ಗೊತ್ತಿತ್ತು.

ನನ್ನನ್ನು ಬೆಚ್ಚಿ ಬೀಳಿಸಿದ್ದು ಇದಕ್ಕಿಂತ ಚಿಕ್ಕದೊಂದು ವಸ್ತು. ಒಂದು ಮರದ ಹಲಗೆ. 1993ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತದ ಯಿನ್‌ವಾನ್ ಎಂಬಲ್ಲಿ ಒಬ್ಬ ಹಾನ್ ಗುಮಾಸ್ತನ ಸಮಾಧಿಯಲ್ಲಿ ಸಿಕ್ಕಿತು. ಅದು ಕ್ರಿ.ಪೂ. 13ರ ಒಂದು ಶಸ್ತ್ರಾಗಾರದ ದಾಸ್ತಾನು ಪಟ್ಟಿ. ಅಡ್ಡಬಿಲ್ಲುಗಳು ಐದು ಲಕ್ಷಕ್ಕೂ ಜಾಸ್ತಿ. ಅವಕ್ಕೆ ಬಾಣಗಳು ಒಂದು ಕೋಟಿಗೂ ಜಾಸ್ತಿ. ಒಂದೇ ಶಸ್ತ್ರಾಗಾರ! ರೋಮ್‌ನ ಇಡೀ ಸೈನ್ಯದ ತಲೆ ಲೆಕ್ಕಕ್ಕಿಂತ ಇಲ್ಲಿನ ಅಡ್ಡಬಿಲ್ಲುಗಳ ಲೆಕ್ಕ ದೊಡ್ಡದು. ಉಗ್ರಾಣವೇ ಚೀನಾದ ಬಲ ಎಂದು ನಾನು ಹೇಳುವುದು ಈ ಹಲಗೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ.

ಉಗ್ರಾಣಕ್ಕೂ ಒಂದು ದೌರ್ಬಲ್ಯವಿದೆ, ಅದರಿಂದ ದೂರ ಹೋದಷ್ಟೂ ಕೈ ಖಾಲಿ. ಕ್ರಿ.ಪೂ. 99ರಲ್ಲಿ ಲೀ ಲಿಂಗ್ ಎಂಬ ಸೇನಾಪತಿ 5,000 ಕಾಲಾಳುಗಳನ್ನು ಕರೆದುಕೊಂಡು ಉತ್ತರದ ಹುಲ್ಲುಗಾವಲಿಗೆ ನುಗ್ಗಿದ. ಶಿಯೊಂಗ್ನು ಎಂಬ ಅಲೆಮಾರಿ ಕುದುರೆ ಸವಾರರ ದೊಡ್ಡ ದಂಡು ಅವನನ್ನು ಸುತ್ತುವರಿಯಿತು. ಬಂಡಿಗಳನ್ನೇ ಕೋಟೆ ಮಾಡಿಕೊಂಡು, ಅಡ್ಡಬಿಲ್ಲಿನಿಂದ ಸಾವಿರಾರು ಜನರನ್ನು ಉರುಳಿಸುತ್ತ ಅವನು ದಿನಗಟ್ಟಲೆ ಹಿಂದೆ ಸರಿದ. ಕೊನೆಗೆ ಒಂದೇ ದಿನ ಐದು ಲಕ್ಷ ಬಾಣ ಖಾಲಿಯಾದವು ಎಂದು ಹಾನ್ ಚರಿತ್ರೆ ಹೇಳುತ್ತದೆ. ಬಾಣ ಮುಗಿಯಿತು, ಯುದ್ಧವೂ ಮುಗಿಯಿತು. ಲೀ ಲಿಂಗ್ ಶರಣಾದ.

ರೋಮ್‌ಗೂ ಇಂಥದ್ದೇ ಪಾಠ ಆಗಿತ್ತು. ಕ್ರಿ.ಪೂ. 53ರಲ್ಲಿ ಕ್ರಾಸಸ್ ಎಂಬ ಆಗರ್ಭ ಶ್ರೀಮಂತ, ಹೆಸರು ಮಾಡುವ ಆಸೆಯಿಂದ ಏಳು ಲೀಜನ್ ಕಟ್ಟಿಕೊಂಡು ಈಗಿನ ಇರಾನ್ ಕಡೆಯ ಪಾರ್ಥಿಯನ್ನರ ಮೇಲೆ ಹೋದ. ಕಾರ್‍ಹೆ ಎಂಬ ಬಯಲಲ್ಲಿ ಅವರ ಕುದುರೆ ಬಿಲ್ಲುಗಾರರು ಸುತ್ತ ಸುತ್ತುತ್ತ ಬಾಣದ ಮಳೆ ಸುರಿಸಿದರು. ಇವರ ಬಾಣ ಎಷ್ಟು ಹೊತ್ತು ಇದ್ದೀತು ಎಂದು ರೋಮ್‌ನವರು ಗುರಾಣಿ ಹಿಡಿದು ಕಾದರು. ಬಾಣ ಮುಗಿಯಲಿಲ್ಲ. ಒಂಟೆಗಳ ಮೇಲೆ ಮೂಟೆ ಮೂಟೆ ಬಾಣ ಬರುತ್ತಲೇ ಇತ್ತು! ಸುಮಾರು 20,000 ಜನ ಸತ್ತರು, 10,000 ಜನ ಸೆರೆಯಾದರು, ಕ್ರಾಸಸ್‌ನ ತಲೆಯೂ ಹೋಯಿತು. ಲೀ ಲಿಂಗ್‌ನನ್ನು ಬಾಣ ಮುಗಿದದ್ದು ಸೋಲಿಸಿತು, ಕ್ರಾಸಸ್‌ನನ್ನು ಬಾಣ ಮುಗಿಯದೆ ಇದ್ದದ್ದು ಸೋಲಿಸಿತು.

ವ್ಯತ್ಯಾಸ ಏನೆಂದರೆ, ಕುದುರೆ ಸವಾರರು ರೋಮ್‌ಗೆ ಪೂರ್ವದ ಗಡಿಯ ಒಂದು ತೊಂದರೆ. ಚೀನಾಕ್ಕೆ ಅದೇ ಮುಖ್ಯ ತೊಂದರೆ. ಹಾನ್ ವಂಶದ ಮೊದಲ ದೊರೆಯೇ ಕ್ರಿ.ಪೂ. 200ರಲ್ಲಿ ಬಾಯ್‌ದೆಂಗ್ ಎಂಬಲ್ಲಿ ಶಿಯೊಂಗ್ನು ಮುತ್ತಿಗೆಗೆ ಸಿಕ್ಕಿ ಏಳು ದಿನ ಒದ್ದಾಡಿದ. ಆಮೇಲೆ ಅರವತ್ತಕ್ಕೂ ಹೆಚ್ಚು ವರ್ಷ ಹಾನ್ ಅರಮನೆ ಶಿಯೊಂಗ್ನು ದೊರೆಗೆ ಹೆಣ್ಣು ಕೊಟ್ಟು, ರೇಷ್ಮೆ, ಧಾನ್ಯ ಕಳಿಸಿ ಸಮಾಧಾನ ಮಾಡುತ್ತಿತ್ತು. ನಂಟಸ್ತಿಕೆ ಎಂದು ಹೆಸರು, ನಿಜದಲ್ಲಿ ಕಪ್ಪ.

ಇದನ್ನು ನಿಲ್ಲಿಸಿದವನು ವೂ ದೊರೆ, ಕ್ರಿ.ಪೂ. 141ರಲ್ಲಿ ಪಟ್ಟಕ್ಕೆ ಬಂದವನು. ಕುದುರೆಯವನನ್ನು ಹಿಡಿಯಲು ಕುದುರೆಯೇ ಬೇಕು ಎಂದು ಅವನಿಗೆ ಅರ್ಥವಾಗಿತ್ತು. ಸರ್ಕಾರಿ ಕುದುರೆ ಲಾಯಗಳು ಬೆಳೆದವು. ಸೇನಾಪತಿಗಳು ಮನೆಯವರೇ: ರಾಣಿಯ ತಮ್ಮ ವೇ ಛಿಂಗ್, ರಾಣಿಯ ಅಕ್ಕನ ಮಗ ಹುವೊ ಛೂಬಿಂಗ್. ವೇ ಛಿಂಗ್ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದವನು. ಹುವೊ ದಂಡಯಾತ್ರೆಗೆ ಹೊರಟಾಗ ಇನ್ನೂ ಹದಿಹರೆಯ. ಕ್ರಿ.ಪೂ. 119ರಲ್ಲಿ ಇಬ್ಬರೂ ತಲಾ 50,000 ಕುದುರೆ ಸವಾರರ ಜೊತೆ ಗೋಬಿ ಮರುಭೂಮಿ ದಾಟಿ ಶಿಯೊಂಗ್ನುಗಳನ್ನು ಅವರ ನೆಲದಲ್ಲೇ ಬಗ್ಗುಬಡಿದರು. ಒಂದು ಲಕ್ಷ ಸವಾರರನ್ನು ಮರುಭೂಮಿಯ ಆಚೆಗೆ ದಾಟಿಸುವ ಶಕ್ತಿ ರೋಮ್‌ಗೆ ಎಂದೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಬೆಲೆ? ಗಡಿಯಿಂದ ಹೊರಟ ಕುದುರೆಗಳು 1,40,000. ವಾಪಸ್ ಬಂದವು 30,000ಕ್ಕೂ ಕಡಿಮೆ. ಎಷ್ಟೋ ವರ್ಷ ಇನ್ನೊಂದು ದೊಡ್ಡ ದಂಡಯಾತ್ರೆ ಮಾಡಲು ಕುದುರೆಯೇ ಇರಲಿಲ್ಲ. ಖಜಾನೆ ತುಂಬಿಸಲು ಸರ್ಕಾರ ಉಪ್ಪು, ಕಬ್ಬಿಣದ ವ್ಯಾಪಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಯುದ್ಧದ ಖರ್ಚು ಬಡವನ ಗಂಜಿಯ ಉಪ್ಪಿಗೂ ಬಂತು.

ಆಮೇಲೆ ಕುದುರೆಗಾಗಿಯೇ ಒಂದು ಯುದ್ಧ. ಮಧ್ಯ ಏಷ್ಯಾದ ಫರ್ಗಾನಾ ಕಣಿವೆಯ ಎತ್ತರದ ಕುದುರೆಗಳ ಮೇಲೆ ವೂ ದೊರೆಗೆ ಕಣ್ಣು ಬಿತ್ತು. ಮೊದಲ ದಂಡು ಹಸಿವಿನಿಂದ ಸೋತು ಬಂತು. ಎರಡನೇ ಸಲ 60,000 ಜನ, 30,000 ಕುದುರೆ, ಒಂದು ಲಕ್ಷ ಎತ್ತು ಹೊರಟವು. ಕ್ರಿ.ಪೂ. 101ರ ಹೊತ್ತಿಗೆ ಗೆದ್ದು ತಂದದ್ದು ಮೇಲ್ತರದ ಕುದುರೆ ಕೆಲವು ಹತ್ತುಗಳು, ಸಾಧಾರಣದ್ದು ಮೂರು ಸಾವಿರ. ಗಡಿಯ ಬಾಗಿಲಿಗೆ ವಾಪಸ್ ಬಂದ ಜನ ಹತ್ತು ಸಾವಿರ ಚಿಲ್ಲರೆ. ಸತ್ತವರೆಲ್ಲ ಯುದ್ಧದಲ್ಲಿ ಸತ್ತವರಲ್ಲ, ದಂಡಿಗೆ ಆಹಾರದ ಕೊರತೆಯೂ ಇರಲಿಲ್ಲ. ಅಧಿಕಾರಿಗಳು ಸಿಪಾಯಿಗಳ ಪಾಲನ್ನು ನುಂಗಿದ್ದರಿಂದ ಸತ್ತವರೇ ಬಹಳ ಎಂದು ಆ ಕಾಲದ ಚರಿತ್ರೆಕಾರ ಸೀಮಾ ಛಿಯನ್ ಬರೆದಿದ್ದಾನೆ. ಒಂದೊಂದು ಬಾಣದ ಲೆಕ್ಕ ಬರೆದಿಟ್ಟ ದೇಶದಲ್ಲಿ ಅನ್ನದ ಲೆಕ್ಕ ಹೀಗೆ ತಪ್ಪಿತು!

ಲೆಕ್ಕಪತ್ರದ ಮಾತು ಬಂತಲ್ಲ. ರೋಮ್‌ನವರೂ ಅದರಲ್ಲಿ ಹಿಂದೆ ಬಿದ್ದವರಲ್ಲ. ಇಂಗ್ಲೆಂಡಿನ ವಿಂಡೊಲಾಂಡ ಠಾಣೆಯಲ್ಲಿ ಸಿಕ್ಕ ತೆಳುವಾದ ಮರದ ಪಟ್ಟಿಗಳಲ್ಲಿ ಒಂದು ಹಾಜರಿ ವರದಿ ಇದೆ. ಒಂದು ಪಡೆಯ ಒಟ್ಟು ಬಲ 752. ಅದರಲ್ಲಿ 456 ಜನ ಬೇರೆ ಬೇರೆ ಕೆಲಸಕ್ಕೆ ಹೊರಗೆ. ಉಳಿದ 296ರಲ್ಲಿ 15 ಜನರಿಗೆ ಕಾಯಿಲೆ, 6 ಜನರಿಗೆ ಗಾಯ, 10 ಜನರಿಗೆ ಕಣ್ಣು ಬೇನೆ. ಯುದ್ಧಕ್ಕೆ ತಯಾರಿದ್ದವರು 265. ಅಷ್ಟು ಲಕ್ಷ ಇಷ್ಟು ಲಕ್ಷ ಎಂಬ ಸಂಖ್ಯೆ ಕಂಡಾಗಲೆಲ್ಲ ನನಗೆ ಈ ವರದಿ ನೆನಪಾಗುತ್ತದೆ. ಚೀನಾದ ವಾಯವ್ಯ ಗಡಿಯ ಜುಯಾನ್ ಠಾಣೆಗಳಲ್ಲೂ ಸಾವಿರಾರು ಮರದ ಪಟ್ಟಿಗಳು ಸಿಕ್ಕಿವೆ. ಯಾವ ಅಡ್ಡಬಿಲ್ಲು ಕೆಟ್ಟಿದೆ, ಯಾರಿಗೆ ಎಷ್ಟು ಧಾನ್ಯ ಕೊಟ್ಟಿತು, ದೂರದ ಗೋಪುರದಲ್ಲಿ ಯಾವಾಗ ಬೆಂಕಿಯ ಸನ್ನೆ ಕಂಡಿತು, ಎಲ್ಲವೂ ಅದರಲ್ಲಿದೆ.

ಇನ್ನು ದೊರೆಗಳ ವಿಷಯ. ಇಬ್ಬರಿಗೂ ಹೊರಗಿನ ಶತ್ರುವಿಗಿಂತ ತಮ್ಮ ಸೇನಾಪತಿಯ ಭಯವೇ ಜಾಸ್ತಿ ಇತ್ತು. ಆ ಭಯಕ್ಕೆ ಇಬ್ಬರೂ ಹುಡುಕಿಕೊಂಡ ಮದ್ದು ಮಾತ್ರ ಬೇರೆ.

ಚೀನಾದ ಮದ್ದು ಒಂದು ಕಂಚಿನ ಹುಲಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಉದ್ದಕ್ಕೆ ಎರಡು ಹೋಳು. ಬಲ ಹೋಳು ಅರಮನೆಯಲ್ಲಿ, ಎಡ ಹೋಳು ಠಾಣೆಯ ಅಧಿಕಾರಿಯ ಬಳಿ. ಅರಮನೆಯಿಂದ ಬಂದವನ ಹೋಳು ಇಲ್ಲಿನ ಹೋಳಿಗೆ ಸರಿಯಾಗಿ ಕೂತರೆ ಮಾತ್ರ ದಂಡು ಹೊರಡಬೇಕು. ಶಿಆನ್ ಬಳಿ ಸಿಕ್ಕ ಅಂಥ ಒಂದು ಹುಲಿಯ ಮೈಮೇಲೆ ನಿಯಮವನ್ನೇ ಕೆತ್ತಿದ್ದಾರೆ: 50ಕ್ಕಿಂತ ಹೆಚ್ಚು ಸೈನಿಕರನ್ನು ಎಬ್ಬಿಸಬೇಕಾದರೆ ದೊರೆಯ ಹೋಳು ಕೂಡಲೇಬೇಕು. ಗಡಿಯಲ್ಲಿ ಅಪಾಯದ ಬೆಂಕಿ ಉರಿದರೆ ಮಾತ್ರ ಕಾಯಬೇಕಿಲ್ಲ. ಸೇನಾಪತಿಗಳಿಗೂ ಈ ಅನುಮಾನ ಚೆನ್ನಾಗಿ ಗೊತ್ತಿತ್ತು. ಛೂ ರಾಜ್ಯ ಗೆಲ್ಲಲು ಆರು ಲಕ್ಷ ಜನ ಬೇಕೆಂದು ಕೇಳಿ ಪಡೆದ ಛಿನ್ ಸೇನಾಪತಿ ವಾಂಗ್ ಜಿಯನ್ ದಾರಿಯುದ್ದಕ್ಕೂ ದೊರೆಗೆ ಹೇಳಿ ಕಳಿಸುತ್ತಿದ್ದನಂತೆ: ನನಗೆ ಒಳ್ಳೆಯ ಹೊಲ ಕೊಡಿ, ಮನೆ ಕೊಡಿ, ತೋಟ ಕೊಡಿ. ಜೊತೆಯವರಿಗೆ ಮುಜುಗರವಾಯಿತು. ವಾಂಗ್ ಜಿಯನ್‌ನ ಲೆಕ್ಕ ಬೇರೆ. ದೇಶದ ಸೈನ್ಯವನ್ನೆಲ್ಲ ನನ್ನ ಕೈಗೆ ಕೊಟ್ಟ ದೊರೆಗೆ ಈಗ ನಿದ್ದೆ ಬರುತ್ತಿರುವುದಿಲ್ಲ. ಹೊಲ ಮನೆ ಕೇಳುವವನು ಸಿಂಹಾಸನ ಕೇಳುವುದಿಲ್ಲ ಎಂದು ಅವನಿಗೆ ಸಮಾಧಾನವಾಗಲಿ.

ಸೋತವರ ಗತಿಯೂ ಕೆಟ್ಟದ್ದೇ. ಲೀ ಲಿಂಗ್ ಶರಣಾದಾಗ ಅವನ ಪರ ಒಂದು ಮಾತಾಡಿದ ತಪ್ಪಿಗೆ ವೂ ದೊರೆ ಸೀಮಾ ಛಿಯನ್‌ಗೆ ಬೀಜ ಒಡೆಸುವ ಶಿಕ್ಷೆ ಕೊಟ್ಟ. ಆ ಅವಮಾನ ನುಂಗಿಕೊಂಡೇ ಅವನು ಚರಿತ್ರೆ ಬರೆದು ಮುಗಿಸಿದ.

ರೋಮ್‌ನಲ್ಲಿ ಹುಲಿಯ ಹೋಳು ಇರಲಿಲ್ಲ. ಅಲ್ಲಿ ಚಕ್ರವರ್ತಿಯೇ ದೊಡ್ಡ ಸೇನಾಪತಿ. 'ಇಂಪೆರೇಟರ್' ಎಂಬ ಬಿರುದಿನ ಅರ್ಥವೇ ದಂಡನಾಯಕ. ಸಿಪಾಯಿ ವರ್ಷ ವರ್ಷ ಅವನ ಹೆಸರಿನಲ್ಲೇ ಪ್ರಮಾಣ ಮಾಡುತ್ತಿದ್ದ, ಸಂಬಳದ ನಾಣ್ಯದಲ್ಲೂ ಅವನದೇ ಮುಖ. ಚೀನಾದ ಚಕ್ರವರ್ತಿಗೆ ಯುದ್ಧ ಬರದಿದ್ದರೂ ನಡೆಯುತ್ತಿತ್ತು, ರೋಮ್‌ನವನಿಗೆ ನಡೆಯುತ್ತಿರಲಿಲ್ಲ. ಪುಸ್ತಕದ ಹುಳುವಾದ ಕ್ಲಾಡಿಯಸ್ ಕೂಡ ಕ್ರಿ.ಶ. 43ರಲ್ಲಿ ಗೆಲುವಿನ ಹೆಸರಿಗಾಗಿ ಬ್ರಿಟನ್ನಿಗೆ ಹೋಗಿ ಹದಿನಾರು ದಿನ ಇದ್ದು ಬಂದ. ಈ ಏರ್ಪಾಡಿನ ಕಷ್ಟ ಏನೆಂದರೆ ಸೈನ್ಯ ಮಾಡಿದ ದೊರೆಯನ್ನು ಸೈನ್ಯವೇ ಇಳಿಸಬಹುದು. ಕ್ರಿ.ಶ. 69ರಲ್ಲಿ ಒಂದೇ ವರ್ಷ ನಾಲ್ಕು ಚಕ್ರವರ್ತಿಗಳು. ಡೊಮಿಷಿಯನ್ ಸಂಬಳವನ್ನು 300 ದಿನಾರಿಯಸ್‌ಗೆ ಏರಿಸಿದ. ನಂತರದವರು ಇನ್ನೂ ಏರಿಸಿದರು. ಕ್ರಿ.ಶ. 193ರಲ್ಲಿ ಅರಮನೆಯ ಕಾವಲು ಪಡೆ ಸಿಂಹಾಸನವನ್ನೇ ಹರಾಜು ಹಾಕಿತು. ಕೊಂಡುಕೊಂಡ ಡಿಡಿಯಸ್ ಜೂಲಿಯಾನಸ್ ಬಾಳಿದ್ದು 66 ದಿನ.

ಚೀನಾದ ಹುಲಿಯೂ ಕೊನೆಗೆ ಕಾಪಾಡಲಿಲ್ಲ. ಊರೂರಿನ ರೈತರಿಗೆ ಆಯುಧ ಕಲಿಸಿದರೆ ಅವರೇ ದಂಗೆ ಎದ್ದಾರು ಎಂದು ಗುವಾಂಗ್ವು ದೊರೆ ಕ್ರಿ.ಶ. 30ರ ಹೊತ್ತಿಗೆ ಸೀಮೆಗಳ ತರಬೇತಿಯನ್ನು ಹೆಚ್ಚಿನ ಕಡೆ ನಿಲ್ಲಿಸಿದ. ಗಡಿ ಕಾಯಲು ಬಾಡಿಗೆಯವರು, ಕೈದಿಗಳು, ಶರಣಾದ ಶಿಯೊಂಗ್ನುಗಳು ಬಂದರು. ಆ ಗಡಿ ಸೈನ್ಯಗಳು ನಿಧಾನಕ್ಕೆ ತಮ್ಮ ಸೇನಾಪತಿಗಳ ಸ್ವಂತ ಸೈನ್ಯವಾದವು. ಕ್ರಿ.ಶ. 189ರಲ್ಲಿ ದೊಂಗ್ ಜುವೊ ಎಂಬ ಗಡಿ ಸೇನಾಪತಿ ರಾಜಧಾನಿಗೆ ನುಗ್ಗಿ ಹುಡುಗ ದೊರೆಯನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿದ. ರೋಮ್‌ನ ಹರಾಜಿಗೂ ಇದಕ್ಕೂ ನಡುವೆ ನಾಲ್ಕೇ ವರ್ಷ.

ಸರಿ, ಯಾರು ಗೆಲ್ಲುತ್ತಿದ್ದರು? ಹೇಳದೆ ಬಿಟ್ಟರೆ ನೀವು ಬೈಯುತ್ತೀರಿ. ಇಕ್ಕಟ್ಟಾದ ಜಾಗ, ಗುಡ್ಡಗಾಡು, ಮುತ್ತಿಗೆ, ಸಮಸಂಖ್ಯೆಯ ಕಾಲಾಳುಗಳಾದರೆ ನನ್ನ ದುಡ್ಡು ರೋಮ್ ಮೇಲೆ. ಇಪ್ಪತ್ತು ವರ್ಷದ ಕಸುಬುದಾರನ ಮುಂದೆ ಎರಡು ವರ್ಷದ ರೈತ ಕೈಕೈ ಜಗಳದಲ್ಲಿ ನಿಲ್ಲುವುದು ಕಷ್ಟ. ಬಯಲು ನೆಲ, ಹಿಂದೆ ಉಗ್ರಾಣ, ಪಕ್ಕದಲ್ಲಿ ವೂ ದೊರೆಯ ಕಾಲದ ಕುದುರೆ ದಂಡು ಇದ್ದರೆ ಹಾನ್ ಮೇಲೆ. ಹತ್ತಿರ ಬರುವ ಮೊದಲೇ ಅಡ್ಡಬಿಲ್ಲು ಕೆಲಸ ಮುಗಿಸುತ್ತದೆ.

ಇಬ್ಬರೂ ಒಮ್ಮೆ ಹೊಡೆದಾಡಿದ್ದರು ಎಂಬ ಕಥೆಯೂ ಇದೆ. ಕ್ರಿ.ಪೂ. 36ರಲ್ಲಿ ಹಾನ್ ದಂಡು ಮಧ್ಯ ಏಷ್ಯಾದಲ್ಲಿ ಒಂದು ಶಿಯೊಂಗ್ನು ಕೋಟೆ ಮುತ್ತಿದಾಗ ನೂರು ಚಿಲ್ಲರೆ ಸೈನಿಕರು ಬಾಗಿಲಲ್ಲಿ 'ಮೀನಿನ ಹುರುಪೆ'ಯಂತೆ ಸಾಲುಗಟ್ಟಿ ನಿಂತಿದ್ದರಂತೆ. ಅವರು ಕಾರ್‍ಹೆಯಲ್ಲಿ ಸೆರೆ ಸಿಕ್ಕ ರೋಮ್‌ನವರು, ಅವರ ವಂಶದವರು ಚೀನಾದ ಗಾನ್ಸು ಪ್ರಾಂತದ ಲಿಛಿಯನ್ ಊರಲ್ಲಿದ್ದಾರೆ ಎಂದು ಇಪ್ಪತ್ತನೇ ಶತಮಾನದಲ್ಲಿ ಒಬ್ಬ ವಿದ್ವಾಂಸ ಊಹಿಸಿದ. ಊರಿನವರ ಡಿಎನ್‌ಎ ಪರೀಕ್ಷೆ ಇದಕ್ಕೆ ಆಧಾರ ಕೊಡಲಿಲ್ಲ. ಕಥೆ ಮಾತ್ರ ಪ್ರವಾಸಿಗಳನ್ನು ಈಗಲೂ ಕರೆತರುತ್ತಿದೆ.

ನಿಜವಾಗಿ ಇಬ್ಬರನ್ನೂ ತಡೆದದ್ದು ದೂರ. ರೋಮ್‌ಗೂ ಹಾನ್ ರಾಜಧಾನಿ ಲುವೊಯಾಂಗ್‌ಗೂ ನೇರ ಗೆರೆ ಎಳೆದರೂ 8,000 ಕಿ.ಮೀ.ಗೂ ಜಾಸ್ತಿ, ನಡುವೆ ಪಾರ್ಥಿಯನ್ನರು ಬೇರೆ. ಕ್ರಿ.ಶ. 97ರಲ್ಲಿ ಹಾನ್ ಸೇನಾಪತಿ ಬಾನ್ ಚಾವ್ ರೋಮ್ ಹುಡುಕಿಕೊಂಡು ಬಾ ಎಂದು ಗಾನ್ ಯಿಂಗ್ ಎಂಬವನನ್ನು ಕಳಿಸಿದ. ಅವನು ಪಡುವಣ ಕಡಲಿನವರೆಗೆ ಹೋದ. ಪರ್ಷಿಯನ್ ಕೊಲ್ಲಿಯೇ ಇರಬೇಕೆಂದು ಹೆಚ್ಚಿನವರ ಅಭಿಪ್ರಾಯ. ಅಲ್ಲಿನ ನಾವಿಕರು, ಗಾಳಿ ಚೆನ್ನಾಗಿದ್ದರೆ ಮೂರು ತಿಂಗಳು, ಇಲ್ಲದಿದ್ದರೆ ಎರಡು ವರ್ಷ, ಮೂರು ವರ್ಷದ ಬುತ್ತಿ ಕಟ್ಟಿಕೊಂಡು ಹತ್ತಿ, ಆ ಕಡಲಲ್ಲಿ ಊರ ನೆನಪು ಕಾಡಿ ಜನ ಸಾಯುತ್ತಾರೆ ಎಂದು ಹೆದರಿಸಿದರು. ಗಾನ್ ಯಿಂಗ್ ವಾಪಸ್ ಹೊರಟ. ಕ್ರಿ.ಶ. 107ರಲ್ಲಿ ಹಾನ್ ಸರ್ಕಾರ ಖರ್ಚು ತಾಳಲಾರದೆ ಪಶ್ಚಿಮದ ಆ ಸೀಮೆಗಳಿಂದಲೇ ತನ್ನ ಠಾಣೆಗಳನ್ನು ವಾಪಸ್ ಕರೆಸಿಕೊಂಡಿತು.

ಗಾನ್ ಯಿಂಗ್ ತಿರುಗಿ ಹೋಗಿ 19 ವರ್ಷಕ್ಕೆ, ಕ್ರಿ.ಶ. 116ರಲ್ಲಿ, ರೋಮ್‌ನ ಚಕ್ರವರ್ತಿ ಟ್ರಾಜನ್ ತನ್ನ ಲೀಜನ್‌ಗಳ ಜೊತೆ ಪಾರ್ಥಿಯನ್ನರನ್ನು ತಳ್ಳಿಕೊಂಡು ಪರ್ಷಿಯನ್ ಕೊಲ್ಲಿಯ ದಡಕ್ಕೆ ಬಂದು ನಿಂತ. ಭಾರತಕ್ಕೆ ಹೊರಟ ಒಂದು ಹಡಗು ಅವನ ಕಣ್ಣಿಗೆ ಬಿತ್ತು. ವಯಸ್ಸಿದ್ದಿದ್ದರೆ ನಾನೂ ಹೋಗುತ್ತಿದ್ದೆ ಎಂದನಂತೆ. ಅಷ್ಟರಲ್ಲಿ ಹಿಂದೆ ಗೆದ್ದ ಊರುಗಳಲ್ಲೆಲ್ಲ ದಂಗೆ ಎದ್ದ ಸುದ್ದಿ ಬಂತು. ಮರುವರ್ಷ ಮನೆಗೆ ಹೋಗುವ ದಾರಿಯಲ್ಲೇ ಅವನು ಸತ್ತ. ಅವನ ನಂತರ ಬಂದ ಹೇಡ್ರಿಯನ್ ಲೀಜನ್‌ಗಳನ್ನು ಯೂಫ್ರಟಿಸ್ ನದಿಯ ಈಚೆಗೆ ಕರೆಸಿಕೊಂಡ.